ಹೆಸರು ಅದೇ, ಕೆಲಸ ಬ್ಯಾರೆ

ನನ್ನ ತಮ್ಮ ಬೆಂಗಳೂರಾಗ ಒಂದು ಸಾಫ್ಟ್‌ವೇರ್ ಕಂಪನಿಯ ಸಿಟಿಓ. ಹಂಗಂದ್ರ ಏನು ಕೆಲಸ ಅಂತ ಅವ್ವ ಕೇಳಿದಾಗೆಲ್ಲಾ ಬ್ಯಾರೆ ಬ್ಯಾರೆ ಉತ್ತರಾ ಕೊಟ್ಟಾನ. ಒಂದೂ ಸುಳ್ಳಲ್ಲ ಮತ್ತ.

4 ಮಂದಿ ಇದ್ದಾಗ ಕೋಡ್ ಬರಿಯಾಂವಾ ಅವನ, ಸರ್ವರ್ ನೋಡಾಂವಾ ಅವನ, ಇಂಟರ್ನೆಟ್ ಬಂದಾದ್ರ ಕೇಬಲ್‌ನವಗ ಫೋನ್ ಹಚ್ಚಾಂವಾನೂ ಅವನ. ನಡುರಾತ್ರಿ ಎದ್ದು ಕೂತ್ರೂ ಮಾರಿ ಮ್ಯಾಲೆ ಕಳಾ ಇರ್ತಿತ್ತು. 15 ಮಂದಿ ಆದ ಮ್ಯಾಲೆ ಬ್ಯಾರೆಯವರು ಬರದದ್ದು ಓದೂದು, ಇಂಟರ್ವ್ಯೂ ತಗೊಳ್ಳೂದು. ಈಗ 80 ಮಂದಿ. ಯಾರ ಪಗಾರ ಎಷ್ಟು ಏರಸ್ಬೇಕು, ಮುಂದಿನ ವರ್ಷ ಕ್ಲೌಡಿಗೆ ಎಷ್ಟು ರೊಕ್ಕಾ, ಆಡಿಟ್‌ನವರಿಗೆ ಏನು ಹೇಳ್ಬೇಕು, ದಿನಾ ಇದ ಹಾಡು. ಕೋಡ್ ಮುಟ್ಟಿ 8 ತಿಂಗಳಾತಂತ. ದೀಪಾವಳಿಗೆ ಬಂದಾಗ ನಾ ಆರತಿ ಹಿಡಕೊಂಡು ನಿಂತ್ರ, ಇಂವ ಫೋನಿನ್ಯಾಗ ಇಬ್ರು ಹುಡುಗರ ಜಗಳಾ ಬಗಿಹರಸ್ಲಿಕ್ಕೆ ಹತ್ತಿದ್ದ.

“ಕಂಪನಿ ಬೆಳೀತಲ್ಲೋ, ಖುಷಿ ಪಡು” ಅಂದೆ.

“ಅಕ್ಕಾ, ಈಗ ಮಾಡೋ ಕೆಲಸಕ್ಕ ನನ್ನನ್ನ ಯಾರೂ ಇಂಟರ್ವ್ಯೂನ ಮಾಡಿಲ್ಲ” ಅಂದ.

ಪಾರ್ಟನರ್ ಒಂದು ಮಾತು ಇಟ್ಟಿದ್ದನಂತ: ವಿಪಿ ಎಂಜಿನಿಯರಿಂಗ್ ಅಂತ ಹೊರಗಿನವರೊಬ್ಬರನ್ನ ತರೂಣು. ಮಂದಿ, ಪಗಾರ, ಗಡುವು ಅವರು ನೋಡ್ಲಿ. ಯಾವ ತಂತ್ರಜ್ಞಾನ ಹಿಡೀಬೇಕು, ಯಾವದು ಬಿಡಬೇಕು ಅನ್ನೂದು ಸಿಟಿಓ ನೋಡ್ಲಿ. ಬೆಳದ ಕಂಪನಿಗಳು ಭಾಳಷ್ಟು ಹಿಂಗ ಕೆಲಸಾ ಹಂಚತಾವ. ಆದ್ರ ಅವ್ವಗ ಇದು ಮಗನ್ನ ಕೆಳಗಿಳಿಸಿದಂಗ ಕಾಣಸ್ತು. ಅವಗೂ ಒಳಗೊಳಗ ಹಂಗ ಅನಸಿತ್ತೇನೋ. ಆ ಮಂದಿನ್ನ ಒಬ್ಬೊಬ್ಬರನ್ನ ಆರಿಸಿ ತಂದಾಂವ ಅವನ ಅಲ್ಲಾ?

ನಾ ಓದಿದ್ದ ವೋಜ್ನಿಯಾಕ್‌ನ ಕತಿ ಹೇಳ್ದೆ. ಆಪಲ್‌ನ ಮೊದಲನೇ ಎರಡೂ ಕಂಪ್ಯೂಟರ್ ಮಾಡಿದಾಂವ. 1976ರಾಗ ಕಂಪನಿ ಸುರು ಆದ್ರೂ ಎಚ್‌ಪಿ ನೌಕರಿ ಬಿಟ್ಟಿದ್ದಿಲ್ಲ. ರೊಕ್ಕಾ ಹಾಕಾಂವ ಮೈಕ್ ಮಾರ್ಕುಲಾ ಅದನ್ನ ಬಿಟ್ಟು ಬಾ ಅಂದ್ರ ಮೊದಲ ಒಲ್ಲೆ ಅಂದ. ಮ್ಯಾನೇಜರ್ ಆಗದ ಎಂಜಿನಿಯರ್ ಆಗೇ ಇರಬಹುದು ಅಂತ ಗೆಳ್ಯಾ ಒಬ್ಬಾಂವ ತಿಳಿಸಿ ಹೇಳಿದ ಮ್ಯಾಲೆ ಬಂದ.

“ಅವಗ ಜಾಬ್ಸ್ ಇದ್ದ, ಅಕ್ಕಾ” ಅಂದ ತಮ್ಮ. ಆಮ್ಯಾಲೆ ಅವನ ಗೂಗಲ್‌ದು ಹೇಳ್ದ: 2002ರಾಗ ಎಂಜಿನಿಯರಿಂಗ್ ಮ್ಯಾನೇಜರ್ರ ಬ್ಯಾಡ ಅಂತ ತಗದು ನೋಡಿದ್ರಂತ. ಖರ್ಚಿನ ಚೀಟಿ, ಜಗಳಾ ಎಲ್ಲಾ ಸೀದಾ ಲ್ಯಾರಿ ಪೇಜ್ ಹತ್ರ ಬರ್ಲಿಕ್ಕೆ ಹತ್ತಿ, ಕೆಲವೇ ತಿಂಗಳಿನ್ಯಾಗ ಆ ಪ್ರಯೋಗ ಬಿಟ್ರು.

“ಉಗ್ರಾಣದ ಕೀಲಿ ಯಾರರೆ ಇಟ್ಕೊಳ್ಳೇಬೇಕಲ್ಲಪಾ” ಅಂದಳು ಅವ್ವ. ನಮ್ಮ ಮನಿ ಮದುವಿಯೊಳಗ ಆ ಕೀಲಿ ಅಕೀ ಸೊಂಟದಾಗ. ಮದ್ಲ ಹೋಳಿಗಿ ಲಟ್ಟಸ್ತಿದ್ಲು, ಅದೂ ಎಷ್ಟು ಛಂದ! ಬಿಟ್ಟದ್ದಕ್ಕ ಏನನಸ್ತು ಅಂತ ಯಾರೂ ಕೇಳಿಲ್ಲ, ಅಕಿ ಹೇಳೂ ಇಲ್ಲ.

ಕಾರ್ತೀಕ ಮುಗಿಯೂದ್ರೊಳಗ ತಮ್ಮ ಹೂಂ ಅಂದ. ಹೊಸಬರು ಜನವರಿಗೆ ಸೇರ್ತಾರ. ಇಂವ ಇಬ್ರು ಹುಡುಗರನ್ನ ಕಟ್ಕೊಂಡು ಹಳೇ ಸಾಫ್ಟ್‌ವೇರ್ ಹೊಸದಾಗಿ ಬರೀಲಿಕ್ಕೆ ಕೂಡ್ತಾನಂತ.

“ಅವರು ನಿನಗ ಸರ್ ಅಂತಾರೋ, ನೀ ಅವರಿಗೋ?” ಅಂತ ಅವ್ವ ಕೇಳಿದ್ಲು.

“ಇಬ್ರೂ ಹೆಸರು ಹಿಡದು ಕರೀತೀವಿ, ಅವ್ವಾ.”

ಅಕಿಗೆ ಸಮಾಧಾನ ಆಗ್ಲಿಲ್ಲ.