ಹೊಲಕ್ಕೆ ಕಲ್ಲು ನೆಡುವ ಮುನ್ನ

ಬಯಲುಸೀಮೆಯಲ್ಲಿ ಜಾಗಕ್ಕೇನು ಬರ ಎಂದು ಕರಾವಳಿಯಿಂದ, ಮಲೆನಾಡಿನಿಂದ ಬರುವ ನೆಂಟರು ನಮ್ಮನ್ನು ಕೇಳುವುದುಂಟು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ - ಈ ಐದು ಊರುಗಳ ನಡುವೆ ಬಸ್ಸಿನಲ್ಲಿ ಓಡಾಡಿದವರಿಗೆ ಹಾಗೆ ಅನಿಸುವುದು ಸಹಜ. ಕಣ್ಣು ಹಾಯುವಷ್ಟು ದೂರ ನೆಲ, ಜಾಲಿ, ಕಲ್ಲುಗುಡ್ಡ. ಮಳೆ ಬಂದರೆ ಜೋಳ, ಶೇಂಗಾ, ಮೆಕ್ಕೆಜೋಳ. ಬಾರದಿದ್ದರೆ ಬರೀ ಬಯಲು. ಆದರೂ ನಮ್ಮಲ್ಲಿ ಒಂದು ಮನೆ ಕಟ್ಟಬೇಕೆನ್ನುವವನಿಗೆ ಜಾಗ ಸಿಗುವುದು ಕಷ್ಟ. ಜಾಗ ಸಿಕ್ಕರೂ, ಅದು ಮನೆ ಕಟ್ಟುವ ಜಾಗವೆಂದು ಹೇಳುವ ಕಾಗದ ಸಿಗುವುದು ಇನ್ನೂ ಕಷ್ಟ.

ಈ ಊರುಗಳು ಬೆಳೆಯುತ್ತಿರುವುದು ಸಮೃದ್ಧಿಯಿಂದಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ಕೊಟ್ಟಾಗ ಕೂಡ್ಲಿಗಿ ಮತ್ತು ಹರಪನಹಳ್ಳಿ ರಾಜ್ಯದ ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿದ್ದವು. ಕೊಳವೆಬಾವಿ ಬತ್ತಿದ ಹಳ್ಳಿಗಳ ಜನ ಮಕ್ಕಳ ಶಾಲೆಗೆಂದು, ಆಸ್ಪತ್ರೆಗೆಂದು, ದಿನಗೂಲಿಗೆಂದು ತಾಲೂಕು ಕೇಂದ್ರ ಸೇರುತ್ತಾರೆ. ಗುಳೆ ಹೋದವರು ನಾಲ್ಕು ಕಾಸು ಉಳಿಸಿ, ಹಳ್ಳಿಗೆ ಮರಳದೆ ಪಟ್ಟಣದ ಅಂಚಿನಲ್ಲಿ ಒಂದು ನಿವೇಶನ ಹಿಡಿಯುತ್ತಾರೆ. ಊರಂಚಿನ ಹೊಲದ ಒಡೆಯನಿಗೂ ಲೆಕ್ಕ ಸರಳ: ಎಕರೆಗೆ ಎಷ್ಟು ಚೀಲ ಶೇಂಗಾ ಎಂದು ಎಣಿಸುವುದಕ್ಕಿಂತ ಎಷ್ಟು ನಿವೇಶನ ಎಂದು ಎಣಿಸುವುದೇ ಲಾಭ. ಒಂದು ದಿನ ಟ್ರ್ಯಾಕ್ಟರ್ ಬಂದು ಬದು ಸಪಾಟು ಮಾಡುತ್ತದೆ. ಮರುದಿನ ಸುಣ್ಣ ಬಳಿದ ಕಲ್ಲುಗಳು ಸಾಲಾಗಿ ನಿಂತಿರುತ್ತವೆ. ಹೊಲ ಬಡಾವಣೆಯಾಯಿತು!

ನಮ್ಮದು ಹಾಸಿಗೆ ಹೊಲಿಯುವ ಮನೆತನ. ಹತ್ತಿ ಹಿಂಜುವ ಬಿಲ್ಲು ಹೆಗಲಿಗೇರಿಸಿ ಅಪ್ಪ ಈ ಐದೂ ಊರುಗಳ ಓಣಿ ಓಣಿ ತಿರುಗಿದವರು. ಫೋಮಿನ ಹಾಸಿಗೆ ಬಂದ ಮೇಲೆ ಆ ಕಸುಬು ಸೊರಗಿತು. ನಾವು ನಾಲ್ವರು ಒಡಹುಟ್ಟಿದವರಲ್ಲಿ ಇಬ್ಬರು ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದರು. ಅವರು ಕಳಿಸಿದ ದುಡ್ಡಿನಲ್ಲಿ 2004ರಲ್ಲಿ ಅಪ್ಪ ಮೂವತ್ತು-ನಲವತ್ತರ ಒಂದು ನಿವೇಶನ ಕೊಂಡರು. ಊರಿನ ಹೆಸರು ಇಲ್ಲಿ ಬೇಡ, ಐದರಲ್ಲಿ ಒಂದು. ಉಳಿದ ನಾಲ್ಕರಲ್ಲೂ ಇದೇ ಕಥೆ ಹೇಳುವ ನೆಂಟರು ನಮಗಿದ್ದಾರೆ. ಆ ಕಾಲಕ್ಕೆ ಕೇಳಬೇಕಾದ್ದನ್ನೆಲ್ಲ ಅಪ್ಪ ಕೇಳಿದ್ದರು. ನೋಂದಣಿಯಾದ ಕ್ರಯಪತ್ರ, ಛಾಪಾ ಕಾಗದ, ಚಕ್ಕುಬಂದಿ, ಸಾಕ್ಷಿಗಳ ರುಜು - ಎಲ್ಲವೂ ಇತ್ತು. ಅಲ್ಲಿಂದ ಪ್ರತಿ ವರ್ಷ ಕಂದಾಯ ಕಟ್ಟಿ ರಸೀದಿಗಳನ್ನು ತಗಡಿನ ಟ್ರಂಕಿನಲ್ಲಿ ಜೋಡಿಸಿಟ್ಟೆವು.

ಅಪ್ಪ ತೀರಿಕೊಂಡ ಬಳಿಕ, 2019ರಲ್ಲಿ, ಮನೆ ಕಟ್ಟಲೇಬೇಕಾಯಿತು. ನಾವಿದ್ದ ಹಳೆಯ ಮಣ್ಣಿನ ಮಾಳಿಗೆ ಸೋರುತ್ತಿತ್ತು. ಹಿಂದಿನ ಗೋಡೆ ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು. ಬ್ಯಾಂಕಿನವರು ಸಾಲಕ್ಕೆ ಇ-ಖಾತೆ ಮತ್ತು ಕಟ್ಟಡ ಪರವಾನಗಿ ತನ್ನಿ ಎಂದರು. ಕಚೇರಿಯಲ್ಲಿದ್ದ ಗುಮಾಸ್ತರು ಒಳ್ಳೆಯವರೇ. ಕಡತವನ್ನು ಎರಡು ಬಾರಿ ತಿರುವಿ ಹಾಕಿ ಹೇಳಿದರು: "ಕ್ರಯಪತ್ರ ಸರಿ ಐತಿ, ಕಂದಾಯ ಸರಿ ಐತಿ. ಆದ್ರೆ ಪಹಣಿಯೊಳಗ ಈ ಜಾಗ ಇನ್ನೂ ಹೊಲ ಸಾಹೇಬ್ರೆ. ಹೊಲದ ಮ್ಯಾಲೆ ಮನಿಗೆ ಪರವಾನಗಿ ಹೆಂಗ ಕೊಡ್ಲಿ?" ಆ ಹೊತ್ತಿಗೆ ಆ 'ಹೊಲ'ದಲ್ಲಿ ಎಂಬತ್ತಕ್ಕೂ ಹೆಚ್ಚು ಮನೆಗಳಿದ್ದವು; ಕರೆಂಟು ಕಂಬಗಳಿದ್ದವು; ಚುನಾವಣೆಗೆ ಮತ ಕೇಳಲು ಬರುವವರಿಗೆ ದಾರಿಯೂ ಗೊತ್ತಿತ್ತು. ಮನೆಗೆ ಬಂದು ಹೇಳಿದಾಗ ಅವ್ವ ಕೇಳಿದ್ದು ಒಂದೇ ಮಾತು: "ಹಂಗಾರೆ ಇಷ್ಟು ವರ್ಷ ನಾವು ಕಂದಾಯ ಕಟ್ಟಿದ್ದು ಯಾವ ಬೆಳೀಗಪ್ಪಾ?"

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾವು ಕಾನೂನನ್ನು ಅಷ್ಟಿಷ್ಟು ಓದಿಕೊಂಡೆವು. ಸಾಗುವಳಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಬೇಕಾದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಜಿಲ್ಲಾಧಿಕಾರಿಗಳ ಅನುಮತಿ ಬೇಕು. ಇದಕ್ಕೇ ಜನ 'ಎನ್ಎ ಮಾಡಿಸುವುದು' ಎನ್ನುತ್ತಾರೆ. ಆಮೇಲೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಂತೆ ಬಡಾವಣೆಯ ನಕ್ಷೆಗೆ ಒಪ್ಪಿಗೆ ಬೇಕು. ರಸ್ತೆ ಎಷ್ಟು ಅಗಲ, ಚರಂಡಿ ಎತ್ತ ಹರಿಯಬೇಕು, ಮಕ್ಕಳು ಆಡುವ ಬಯಲು ಎಲ್ಲಿ ಎಂಬುದು ಅಲ್ಲಿ ತೀರ್ಮಾನವಾಗುತ್ತದೆ. ಅದರ ನಂತರ ನಿವೇಶನಕ್ಕೆ ಖಾತೆ. ಖಾತೆಯಾದ ಮೇಲೆ 1964ರ ಪುರಸಭೆಗಳ ಕಾಯ್ದೆಯ 187ನೇ ಕಲಮಿನಂತೆ ಕಟ್ಟಡ ಪರವಾನಗಿ. ಊರು ಇನ್ನೂ ಗ್ರಾಮ ಪಂಚಾಯತಿಯಾಗಿದ್ದರೆ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮು. 2013ರಲ್ಲಿ ಬಂದ ಇ-ಸ್ವತ್ತು ಗ್ರಾಮ ಪಂಚಾಯತಿಯ ಖಾತೆಗಳನ್ನು ಕಂಪ್ಯೂಟರಿಗೇರಿಸಿತು. ಒಂದರ ಹಿಂದೊಂದು ಮೆಟ್ಟಿಲು. ಮೊದಲ ಎರಡನ್ನು ಹತ್ತಬೇಕಾದವನು ಹೊಲ ಮಾರಿದವನು, ಅವನು ಹತ್ತಲಿಲ್ಲ. ದುಡ್ಡು ಎಣಿಸಿಕೊಂಡು ಹೊರಟುಹೋದ. ಮೂರನೆಯ ಮೆಟ್ಟಿಲಲ್ಲಿ ನಿಂತ ನಮ್ಮನ್ನು ಸರಕಾರ ಕೇಳುತ್ತದೆ: ಮೊದಲೆರಡು ಎಲ್ಲಿ?

ಹಿಂದಕ್ಕೆ ಹೋಗಿ ಅವನ್ನು ಸರಿಪಡಿಸೋಣವೆಂದರೆ ಮಾರಿದವರೇ ಈಗ ಇಲ್ಲ. ಅವರ ವಾರಸುದಾರರು ಏಳು ಮಂದಿ, ಅವರೊಳಗೆ ವ್ಯಾಜ್ಯ. ಇನ್ನು ಹಳೆಯ ಕಾಗದ ಹುಡುಕುವುದೆಂದರೆ ಚರಿತ್ರೆ ಓದಿದಂತೆ. ಬಳ್ಳಾರಿ ಸೀಮೆ 1953ರವರೆಗೆ ಮದ್ರಾಸಿಗೆ ಸೇರಿತ್ತು. ಹರಪನಹಳ್ಳಿಯನ್ನು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿಸಿದರು, 2018ರಲ್ಲಿ ಬಳ್ಳಾರಿಗೆ ಮರಳಿಸಿದರು, 2021ರಲ್ಲಿ ವಿಜಯನಗರ ಜಿಲ್ಲೆಗೆ ಕೊಟ್ಟರು. ಕೊಟ್ಟೂರು ತಾಲೂಕಾಗುವ ಮುನ್ನ ಕೂಡ್ಲಿಗಿ ತಾಲೂಕಿನಲ್ಲಿತ್ತು. ಹರಪನಹಳ್ಳಿಯ ನೆಂಟರೊಬ್ಬರು ಒಂದು ನಕಲಿಗಾಗಿ ಮೂರು ಜಿಲ್ಲೆಗಳ ಕಚೇರಿ ಸುತ್ತಿದರು. ಜಿಲ್ಲೆ ಬದಲಾದಾಗ ಸಂತೋಷಪಟ್ಟು ಪಟಾಕಿ ಹೊಡೆದವರಲ್ಲಿ ಅವರೂ ಒಬ್ಬರು. ಕಡತಗಳಿಗೂ ಪ್ರಯಾಣವುಂಟೆಂದು ಆಗ ಯಾರೂ ಯೋಚಿಸಿರಲಿಲ್ಲ.

ಬೆಂಗಳೂರಿನಲ್ಲಿ ನಮ್ಮಣ್ಣ ದುಡಿದ ಕಟ್ಟಡಗಳಿಗೆಲ್ಲ ನಕ್ಷೆಯಿತ್ತು, ಪರವಾನಗಿಯ ಫಲಕವಿತ್ತು. ಎಂಟು ಅಂತಸ್ತಿಗೆ ಗಾರೆ ಮೆತ್ತಿ ಬಂದವನಿಗೆ ತನ್ನ ತಾಯಿಗೊಂದು ಎರಡು ಕೋಣೆಯ ಮನೆ ಕಟ್ಟುವ ಹಕ್ಕಿಲ್ಲ. "ಮಾಡಿಸಿ ಕೊಡ್ತೀವಿ" ಎನ್ನುವ ದಲ್ಲಾಳಿಗಳು ಕಚೇರಿಯ ಹೊರಗಿನ ಚಹಾದಂಗಡಿಯಲ್ಲಿ ಸದಾ ಇರುತ್ತಾರೆ. ಅವರು ಕೊಡಿಸುವ ಕಾಗದ ನಾಳೆ ನಿಲ್ಲುವುದೆಂಬ ಖಾತ್ರಿಯಿಲ್ಲ. 2020ರ ಮಳೆಗಾಲದಲ್ಲಿ ನಮ್ಮ ಹಳೆ ಮನೆಯ ಗೋಡೆ ಬಿತ್ತು. ದೇವರ ದಯೆ, ಹಗಲಿನಲ್ಲಿ ಬಿತ್ತು. ಅಂದಿನಿಂದ ಅವ್ವ ಬಾಡಿಗೆ ಮನೆಯಲ್ಲಿದ್ದಾಳೆ. ಮನೆ ಕಟ್ಟಲೆಂದು ಕೂಡಿಟ್ಟ ಹಣ ತಿಂಗಳು ತಿಂಗಳು ಬಾಡಿಗೆಯಾಗಿ ಕರಗುತ್ತಿದೆ.

ಇಷ್ಟಾದರೂ ಕಾನೂನೇ ಬೇಡವೆಂದು ನಾವು ಹೇಳುವುದಿಲ್ಲ. ಏಕೆಂದರೆ ಕಾನೂನಿಲ್ಲದ ಓಣಿ ಹೇಗಿರುತ್ತದೆಂದು ನಮ್ಮ ನಿವೇಶನದ ಎದುರೇ ಕಾಣುತ್ತದೆ. ಹೊಲ ಮಾರಿದವರು ಬಿಟ್ಟದ್ದು ಒಂಬತ್ತಡಿ ದಾರಿ. ಎರಡೂ ಬದಿಯವರು ಕಟ್ಟೆ, ಮೆಟ್ಟಿಲು, ಬಚ್ಚಲ ಮೋರಿ ಚಾಚಿದ ಮೇಲೆ ಉಳಿದದ್ದು ಏಳಡಿ. ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಓಣಿಯ ಬಾಯಲ್ಲೇ ನಿಲ್ಲುತ್ತದೆ. ಹೆಂಗಸರು ಅಲ್ಲಿಂದ ಕೊಡ ಹೊರುತ್ತಾರೆ. ಆ ಓಣಿಯಲ್ಲೇ ಮನೆ ಮಾಡಿಕೊಂಡಿದ್ದ ನಮ್ಮ ಚಿಕ್ಕಪ್ಪನಿಗೆ ಒಂದು ರಾತ್ರಿ ಎದೆನೋವು ಬಂದಾಗ ಆಂಬುಲೆನ್ಸ್ ಒಳಗೆ ಬರಲಾಗಲಿಲ್ಲ. ಹೊರಸಿನ ಮೇಲೆ ಮಲಗಿಸಿ ಹೊತ್ತು ತಂದೆವು. ಮರುದಿನ ಅದೇ ಓಣಿಯಲ್ಲಿ ಜನಾಝ ಹೊರಟಾಗ, ಪಕ್ಕದ ಮನೆಯ ಮೆಟ್ಟಿಲು ತಾಕದಂತೆ ಅದನ್ನು ವಾಲಿಸಿ ಹಿಡಿಯಬೇಕಾಯಿತು. ಹೆಗಲು ಕೊಡಲು ಬಂದ ಓಣಿಯ ಲಿಂಗಾಯತರು, ನಾಯಕರು, ನಾವು - ಎಲ್ಲರೂ ಅಂದು ತಲೆ ತಗ್ಗಿಸಿ ನಡೆದೆವು.

ದಾರಿಯ ವಿಷಯದಲ್ಲಿ ಜಗಳ ಬಂದರೆ ಏಳು ಮೊಳ ಅಗಲ ಬಿಡಿರೆಂದು ಪ್ರವಾದಿಯವರು ಹೇಳಿದ್ದು ಹದೀಸ್ ಗ್ರಂಥಗಳಲ್ಲಿ ದಾಖಲಾಗಿದೆ. ಏಳು ಮೊಳವೆಂದರೆ ಸುಮಾರು ಹತ್ತೂವರೆ ಅಡಿ. ಕ್ರಿ.ಶ. 638ರ ಹೊತ್ತಿಗೆ ಇರಾಕಿನ ಮರಳುಗಾಡಿನ ಅಂಚಿನಲ್ಲಿ ಕೂಫಾ ನಗರ ಎದ್ದಾಗ, ದೊಡ್ಡ ಬೀದಿಗಳಿಗೆ ನಲವತ್ತು ಮೊಳ, ನಂತರದವುಗಳಿಗೆ ಮೂವತ್ತು ಮತ್ತು ಇಪ್ಪತ್ತು, ಓಣಿಗಳಿಗೆ ಏಳು ಮೊಳಕ್ಕೆ ಕಡಿಮೆಯಿಲ್ಲದಂತೆ ಅಳತೆ ಗೊತ್ತುಮಾಡಿದರೆಂದು ಇತಿಹಾಸಕಾರ ತಬರಿ ಬರೆದಿದ್ದಾರೆ. ಜೊಂಡಿನ ಗುಡಿಸಲುಗಳು ಬೆಂಕಿಗೆ ಆಹುತಿಯಾದಾಗ ಅಲ್ಲಿನ ಜನ ಇಟ್ಟಿಗೆಯಲ್ಲಿ ಕಟ್ಟಲು ಖಲೀಫ ಉಮರ್ ಅವರ ಅಪ್ಪಣೆ ಕೇಳಿದರು. ಅಪ್ಪಣೆ ಸಿಕ್ಕಿತು, ಷರತ್ತಿನೊಂದಿಗೆ: ಒಬ್ಬರಿಗೆ ಮೂರು ಕೋಣೆಗಿಂತ ಹೆಚ್ಚು ಬೇಡ, ಎತ್ತರಕ್ಕೆ ಪೈಪೋಟಿ ಬೇಡ. ಕಟ್ಟಡ ಪರವಾನಗಿ ಎಂಬುದು ಹೊಸ ಕಾಲದ ಕಿರುಕುಳವಲ್ಲ. ನೆರೆಯವನ ಗಾಳಿ, ಬೆಳಕು, ದಾರಿಗಳನ್ನು ಕಾಯುವ ಹಳೆಯ ವ್ಯವಸ್ಥೆ. ಅಲ್ಲಿ ಮೊದಲು ದಾರಿಯ ಅಳತೆ ಬಂತು, ಆಮೇಲೆ ಮನೆ ಬಂತು. ನಮ್ಮಲ್ಲಿ ಮನೆಗಳೆಲ್ಲ ಬಂದು ಇಪ್ಪತ್ತು ವರ್ಷಗಳಾದ ಮೇಲೆ ಅಳತೆಯ ಮಾತು ಬರುತ್ತಿದೆ.

ಹಾಗೆಂದು ನಮ್ಮ ಹಿರಿಯರಿಗೆ ಅಳತೆ ಗೊತ್ತಿರಲಿಲ್ಲವೆಂದೇನಲ್ಲ. ಕೊಟ್ಟೂರಿನಲ್ಲಿ ಗುರುಬಸವೇಶ್ವರರ ತೇರು ಸಾಗುವ ಬೀದಿಗೆ ಯಾರಾದರೂ ಕಟ್ಟೆ ಚಾಚಿದರೆ ಇಡೀ ಊರೇ ಕೇಳುತ್ತದೆ. ಈ ಸೀಮೆಯ ಹಳ್ಳಿಗಳಲ್ಲಿ ಪೀರಲ ದೇವರ ಮನೆಯ ಮುಂದೆ ಅಲಾಯಿ ಕುಣಿಗೆಂದು ಬಯಲು ಬಿಟ್ಟಿರುತ್ತಾರೆ. ಮೊಹರಂನಲ್ಲಿ ಅದರ ಸುತ್ತ ಹೆಜ್ಜೆ ಹಾಕುವವರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ. ಉಳಿದ ದಿನ ಅಲ್ಲಿ ಮಕ್ಕಳು ಗೋಲಿ ಆಡುತ್ತಾರೆ, ಮದುವೆಯ ಚಪ್ಪರ ಏಳುತ್ತದೆ. ಆ ಜಾಗಕ್ಕೆ ಖಾತೆಯಿಲ್ಲದಿದ್ದರೂ ಅದು ಎಲ್ಲರದೆಂಬ ತಿಳುವಳಿಕೆಯಿತ್ತು. ಚದರಡಿಯ ಲೆಕ್ಕದಲ್ಲಿ ಮಾರಿದ ಹೊಸ ಬಡಾವಣೆಯಲ್ಲಿ ಎಲ್ಲರದು ಎನ್ನುವ ಒಂದಡಿ ಜಾಗವೂ ಉಳಿಯಲಿಲ್ಲ.

ಸರಕಾರ ಏನೂ ಮಾಡಿಲ್ಲವೆಂದು ಹೇಳಿದರೆ ತಪ್ಪಾದೀತು. ಅಕ್ರಮ-ಸಕ್ರಮದ ನಿಯಮಗಳು 2014ರಲ್ಲಿ ಬಂದವು; 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ನೀಡಿತು. 2024ರ ಡಿಸೆಂಬರಿನಲ್ಲಿ ಅದೇ ನ್ಯಾಯಾಲಯ, ಕಟ್ಟಡ ನಿಯಮದಂತೆ ಮುಗಿದಿದೆಯೆಂಬ ಪ್ರಮಾಣಪತ್ರ ನೋಡಿಯೇ ವಿದ್ಯುತ್, ನೀರು ಕೊಡಬೇಕೆಂದು ತೀರ್ಪಿತ್ತಿತು. 2025ರ ಫೆಬ್ರುವರಿಯಲ್ಲಿ ರಾಜ್ಯ ಸರಕಾರ, 2024ರ ಸೆಪ್ಟೆಂಬರ್ 10ಕ್ಕೆ ಮುನ್ನ ನೋಂದಣಿಯಾದ ಇಂತಹ ನಿವೇಶನಗಳಿಗೆ ಬಿ ಖಾತೆ ಕೊಡುವ ಅಭಿಯಾನ ಆರಂಭಿಸಿತು. ನಮಗೂ ಒಂದು ಸಿಕ್ಕಿತು. ಅವ್ವ ಅದನ್ನು ಕೈಯಲ್ಲಿ ಹಿಡಿದು, "ಇನ್ನು ನಮ್ದಾತಾ?" ಎಂದು ಕೇಳಿದಳು. ಕಂದಾಯದ ಮಟ್ಟಿಗೆ ಆಯಿತು ಎಂದೆವು. ನಾವು ಕೇಳಿದ ಬ್ಯಾಂಕು ಬಿ ಖಾತೆಗೆ ಸಾಲ ಕೊಡುವುದಿಲ್ಲವೆಂದಿದೆ. ಪರವಾನಗಿಯ ಅರ್ಜಿ ಇನ್ನೂ ಮೇಜಿನ ಮೇಲಿದೆ. ಒಂದು ವೇಳೆ ನಾಳೆ ಎಲ್ಲ ಕಾಗದವೂ ಸಿಕ್ಕಿತೆನ್ನಿ. ಆ ಕಾಗದದಿಂದ ಏಳಡಿ ಓಣಿ ಎಂಟಡಿಯಾದೀತೆ? ಸಕ್ರಮಗೊಳಿಸುವುದು ಕಡತವನ್ನು ಸರಿಪಡಿಸಬಹುದು, ಊರನ್ನಲ್ಲ.

ಊರನ್ನು ಸರಿಪಡಿಸುವ ಕೆಲಸ ಹೊಲಕ್ಕೆ ಕಲ್ಲು ನೆಡುವ ಮುನ್ನವೇ ಆಗಬೇಕು. ಅದಕ್ಕೆ ದೊಡ್ಡ ಯೋಜನೆಗಳೇನೂ ಬೇಕಿಲ್ಲ. ಈ ಐದೂ ಊರುಗಳ ಸುತ್ತ ಮುಂದಿನ ಇಪ್ಪತ್ತು ವರ್ಷಕ್ಕೆ ಬೇಕಾಗುವ ಮುಖ್ಯ ದಾರಿಗಳನ್ನು, ಕೆರೆಗೆ ನೀರು ತರುವ ಹಳ್ಳಗಳನ್ನು, ಎಲ್ಲರಿಗೂ ಸೇರಿದ ಬಯಲನ್ನು ಈಗಲೇ ನೆಲದ ಮೇಲೆ ಗುರುತು ಮಾಡಲಿ. ಯಾವ ಸರ್ವೆ ನಂಬರಿನ ಬಡಾವಣೆಗೆ ಒಪ್ಪಿಗೆಯಿದೆ, ಯಾವುದಕ್ಕಿಲ್ಲ ಎಂಬ ಪಟ್ಟಿಯನ್ನು ಕಚೇರಿಯ ಗೋಡೆಯ ಮೇಲೆ, ಸಂತೆ ಮಾಳದಲ್ಲಿ, ಮಸೀದಿ-ಗುಡಿಗಳ ಮುಂದೆ ದಪ್ಪಕ್ಷರದ ಕನ್ನಡದಲ್ಲಿ ಬರೆಸಲಿ. ಓದಲು ಬಾರದವರಿಗೆ ಬೇರೆಯವರು ಓದಿ ಹೇಳಿಯಾರು. ಸಣ್ಣ ನಿವೇಶನದವರಿಗೆ ಪುರಸಭೆಯೇ ಎರಡು-ಮೂರು ಸಿದ್ಧ ನಕ್ಷೆಗಳನ್ನು ಕೊಡಲಿ. ನಮ್ಮ ಹಳೆಯ ಕೇರಿಗಳಲ್ಲಿ ಇಬ್ಬರ ಮನೆಗೆ ಒಂದೇ ಕಲ್ಲಿನ ಗೋಡೆ, ಬೆಳಕಿಗೆ ಮಾಳಿಗೆಯ ಗವಾಕ್ಷಿ ಇರುತ್ತಿತ್ತು, ಬಿಸಿಲಿಗೆ ತಂಪಾಗಿತ್ತು. ಮೂವತ್ತಡಿ ಅಗಲದ ನಿವೇಶನದವನಿಗೆ ಗೋಡೆಯ ವಿಷಯದಲ್ಲಿ ಸಡಿಲ ಕೊಟ್ಟು, ದಾರಿಯ ವಿಷಯದಲ್ಲಿ ಮಾತ್ರ ಒಂದಿಂಚೂ ಬಿಡದಿರುವುದು ಈ ಸೀಮೆಗೆ ಒಪ್ಪುವ ನಿಯಮವಾದೀತು. ಮಾಳಿಗೆಯ ಮಳೆನೀರನ್ನೂ ನಕ್ಷೆಯಲ್ಲೇ ಸೇರಿಸಲಿ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೂ ಸಾವಿರ ಚದರಡಿಯ ಮಾಳಿಗೆಯ ಮೇಲೆ ಸುಮಾರು 55 ಸಾವಿರ ಲೀಟರ್ ನೀರು ಸುರಿಯುತ್ತದೆ.

ಇದರಲ್ಲಿ ನಮ್ಮಂಥವರ ಪಾಲೂ ಇದೆ. ದಾರಿಗೆ ಚಾಚಿದ ಒಂದು ಮೆಟ್ಟಿಲು ನಮ್ಮ ಮನೆಗೆ ಅಡಿ ಜಾಗ ಉಳಿಸಬಹುದು, ಆದರೆ ಎದುರು ಮನೆಯ ರೋಗಿಗೆ ಅದೇ ಅಡ್ಡಗೋಡೆ. ಮನೆ ಎದ್ದರೆ ನಿವೇಶನದ ಮುಂದೆ ಮೂರಡಿ ಬಿಟ್ಟೇ ಕಟ್ಟಬೇಕೆಂದು ನಾವು ನಾಲ್ವರೂ ಒಪ್ಪಿದ್ದೇವೆ. ಅವ್ವನಂತೂ ಅಲ್ಲಿ ಬೇವಿನ ಸಸಿ ನೆಡುವ ಮಾತಾಡುತ್ತಾಳೆ.

ನಮ್ಮ ಬಡಾವಣೆಯ ಆಚೆಗೆ, ರಸ್ತೆ ದಾಟಿದರೆ, ಇನ್ನೊಂದು ಹೊಲವಿದೆ. ಈ ವರ್ಷ ಅಲ್ಲಿ ಬಿತ್ತಿಲ್ಲ. ದಲ್ಲಾಳಿಗಳ ಬೈಕುಗಳು ಬಂದು ಹೋಗುತ್ತಿವೆ. ಊರಿಗೆ ಹೊಸದಾಗಿ ಬಂದ ಯಾವುದೋ ಗುಳೆಯ ಸಂಸಾರ ಅಲ್ಲಿ ಜಾಗ ಕೇಳಲು ಬಂದೇ ಬರುತ್ತದೆ, ಕೈಯಲ್ಲಿ ಇಡೀ ಪ್ರಾಯದ ದುಡಿಮೆ ಹಿಡಿದುಕೊಂಡು. ಸರ್ವೆಯವರು ಇವತ್ತೇ ಅಲ್ಲಿ ಹಗ್ಗ ಹಿಡಿದು ಮೂವತ್ತಡಿ ದಾರಿ ಗುರುತಿಸಿದರೆ ಆಗುವ ಖರ್ಚು ಹಗ್ಗದ್ದು ಮಾತ್ರ. ಇಪ್ಪತ್ತು ವರ್ಷ ಕಳೆದ ಮೇಲಾದರೆ ಯಾರದೋ ಗೋಡೆ ಒಡೆಯಬೇಕಾಗುತ್ತದೆ.