ಮಿಡಿ ಅಂದ್ರೆ ಮಾವಿನಕಾಯಿ ಅಂದ್ಕೊಂಡಿದ್ದೆ!

ನಗಬೇಡಿ ಮಿತ್ರರೇ, ನಿಜ ಹೇಳ್ತೀನಿ. ಪಿಯುಸಿ ಅರ್ಧಕ್ಕೆ ಬಿಟ್ಟು ಲೇಖನಿ ಹಿಡಿದ ಈ ಬಡಪಾಯಿಗೆ ಗೊತ್ತಿದ್ದ 'ಮಿಡಿ' ಎರಡೇ. ಒಂದು ಉಪ್ಪಿನಕಾಯಿ ಜಾಡಿಯೊಳಗಿರೋದು. ಇನ್ನೊಂದು, ನಾಯಕಿಯನ್ನು ಕಂಡಾಗ ನಾಯಕನ ಎದೆ ಮಾಡೋದು. ಮೂರನೆಯದೊಂದಿದೆ. ಮೊಣಕಾಲು ದಾಟಿ, ಪಾದ ಮುಟ್ಟುವ ಮೊದಲೇ ನಿಂತುಬಿಡುವ ಫ್ರಾಕು. ಅದರ ತಲೆಬುಡ ತಿಳಿಯದೇ ನಾನು ಬರೆದೂ ಬಿಟ್ಟೆ.

ಕಳೆದ ವರ್ಷದ ಮಾತು. ಒಂದು ಪತ್ರಿಕೆಯವರು ಹೊಸ ನಾಯಕಿಯೊಬ್ಬಳ ಫೋಟೋ ಕೊಟ್ಟು, ಕೆಳಗೊಂದು ಚುರುಕು ಸಾಲು ಬೇಕು ಅಂದರು. ಹುಡುಗಿ ಮಿಡಿ ತೊಟ್ಟಿದ್ದಳು. 'ಪಾಪ, ಬಟ್ಟೆ ಸಾಲಲಿಲ್ಲವೇ?' ಎಂದು ಗೀಚಿದೆ. ಅಚ್ಚಾಯಿತು. ಗೆಳೆಯರು ಬೆನ್ನು ತಟ್ಟಿದರು. ತಂಗಿ ಮಾತ್ರ ಓದಿ, ಪತ್ರಿಕೆ ಮಡಿಸಿಟ್ಟು, ಅನ್ನಕ್ಕಿಡಲು ಎದ್ದು ಹೋದಳು.

ಅವಳು ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ಟೈಲರ್. ಪರದೇಶಕ್ಕೆ ಹೋಗುವ ಇಂಥವೇ ಫ್ರಾಕುಗಳ ಅಂಚು ಹೊಲಿಯೋದೇ ಅವಳ ಅನ್ನ. ನನ್ನ ಅನ್ನವೂ ಎಷ್ಟೋ ತಿಂಗಳು ಅದೇ, ಮುಚ್ಚಿಡೋದೇನು ಬಂತು?

ಮೊನ್ನೆ ಹಳೇ ಇಂಗ್ಲಿಷ್ ಚಿತ್ರಗಳ ಮೇಲೆ ಬರೆಯುವ ಕೆಲಸ ಬಂತು. ಭಾನುವಾರ ಇಬ್ಬರೂ ಮೊಬೈಲ್ ಮುಂದೆ ಕೂತೆವು. ಮೊದಲು ಮರ್ಲಿನ್ ಮನ್ರೋಳ 'ದಿ ಸೆವೆನ್ ಇಯರ್ ಇಚ್', 1955ರದು. ಆ ಬಿಳೀ ಫ್ರಾಕು ಹಾರುವ ಫೋಟೋ ನೋಡದ ಗಂಡಸು ಯಾರಿದ್ದಾನೆ ಸ್ವಾಮಿ? ಗಿಡ್ಡ ಲಂಗ ಅಂತಲೇ ನಾನು ನಂಬಿದ್ದೆ. ತಂಗಿ ಚಿತ್ರ ನಿಲ್ಲಿಸಿ, 'ಗಾಳಿ ಬಿಟ್ಟು ನೋಡೋ' ಅಂದಳು. ಹೌದಲ್ಲ! ಮೊಣಕಾಲಿನ ಕೆಳಗಿದೆ! ನೆರಿಗೆ ನೆರಿಗೆಯಾಗಿ ಟ್ರಾವಿಲ್ಲಾ ಎಂಬಾತ ಮಾಡಿಕೊಟ್ಟ ಮಿಡಿ ಅದು. 2011ರ ಹರಾಜಿನಲ್ಲಿ ಅದರ ಮೇಲಿನ ಕೂಗು 46 ಲಕ್ಷ ಡಾಲರಿಗೆ ನಿಂತಿತು.

'ಬಟ್ಟೆ ಸಾಲಲಿಲ್ವಾ ಅಂತ ಬರೆದ್ಯಲ್ಲ, ಪೂರ್ತಿ ಸುತ್ತಿನ ಮಿಡಿಗೆ ಮೂರೂವರೆ ಮೀಟರ್ ಬೇಕಾಗತ್ತೆ. ನಿನ್ನ ಪ್ಯಾಂಟಿಗೆ ಒಂದೂಕಾಲು,' ಅಂದಳು. ನಾನು ಪಿಟಿಕ್ಕೆನ್ನಲಿಲ್ಲ.

ಆಮೇಲೆ 1953ರ 'ರೋಮನ್ ಹಾಲಿಡೇ'. ಅರಮನೆಯಿಂದ ಓಡಿಬಂದ ರಾಜಕುಮಾರಿ ಆಡ್ರಿ ಹೆಪ್‌ಬರ್ನ್. ಅವಳು ರೋಮಿನ ಬೀದಿ ಸುತ್ತೋದೆಲ್ಲ ಒಂದೇ ಅಗಲ ಲಂಗ, ಒಂದೇ ಬಿಳೀ ಅಂಗಿಯಲ್ಲಿ. ಮೊದಲು ತುಂಬು ತೋಳು, ಕತ್ತಿನವರೆಗೂ ಗುಂಡಿ. ಸಂತೆಯಲ್ಲಿ ಚಪ್ಪಲಿ ಕೊಳ್ತಾಳೆ, ಕೂದಲು ಕತ್ತರಿಸ್ತಾಳೆ, ತೋಳು ಮಡಿಸ್ತಾಳೆ, ಕಾಲರ್ ಬಿಚ್ಚಿ ಕರವಸ್ತ್ರ ಕಟ್ತಾಳೆ. ಲಂಗ ಅದೇ, ಹುಡುಗಿ ಬೇರೆ! ಎಡಿತ್ ಹೆಡ್‌ಗೆ ಈ ಚಿತ್ರದ ಉಡುಪಿಗೆ ಆಸ್ಕರ್ ಬಂತು. ತಂಗಿಗೆ ಹಿಡಿಸಿದ್ದು ಸೊಂಟದ ಅಗಲ ಬೆಲ್ಟು. ಸೊಂಟ ಎಲ್ಲಿದೆ ಅಂತ ತೋರಿಸದಿದ್ರೆ ಮಿಡಿ ಗೋಣಿಚೀಲವಂತೆ. ಅಂಚು ಮೀನಖಂಡದ ದಪ್ಪ ಜಾಗಕ್ಕೇ ಬಂದ್ರೆ ಕಾಲು ಮೋಟು ಕಾಣತ್ತಂತೆ. ಎರಡು ಬೆರಳು ಮೇಲೋ ಕೆಳಗೋ, ಕಾಲು ಸಣ್ಣಗಾಗುವ ಕಡೆ ನಿಲ್ಲಬೇಕು. ಕುಳ್ಳಗಿರೋರಿಗೆ ಮೊಣಕಾಲಿನ ಸ್ವಲ್ಪ ಕೆಳಗೇ ಚೆಂದ. ಪಾದದ ಗಂಟಿಗೆ ಪಟ್ಟಿ ಬರುವ ಚಪ್ಪಲಿ ಹಾಕಿದರೆ ಕಾಲು ಇನ್ನೊಂದು ಸಲ ತುಂಡಾದ ಹಾಗೆ. ಇಷ್ಟು ವರ್ಷ ಚಿತ್ರ ನೋಡಿದ್ದೀನಿ, ಇದೊಂದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ನನಗೂ ಗೊತ್ತು ಅಂತ ತೋರಿಸಬೇಡವೇ? ಓದಿದ್ದನ್ನು ಒದರಿದೆ. 1967ರ 'ಬಾನೀ ಅಂಡ್ ಕ್ಲೈಡ್'ನಲ್ಲಿ ಫೇ ಡನವೇ ಮಿಡಿ ಲಂಗ ತೊಟ್ಟು ಬ್ಯಾಂಕು ದೋಚಿದ್ದೇ ತಡ, ಹುಡುಗಿಯರಿಗೆ ಆ ಉದ್ದದ ಹುಚ್ಚು ಹತ್ತಿತು. ಅದೇ 1970ರಲ್ಲಿ ಅಮೆರಿಕಾದ ಅಂಗಡಿಗಳು 'ಮಿನಿ ಸಾಕು, ಇನ್ನು ಮಿಡಿ' ಅಂತ ಹೇರೋಕೆ ಹೋದಾಗ ಹೆಂಗಸರು ತಿರುಗಿಬಿದ್ದರು. ಮಾಲು ಹಾಗೇ ಉಳಿಯಿತು.

'ಮತ್ತಿನ್ನೇನು,' ಅಂದಳು ತಂಗಿ. 'ಇಷ್ಟುದ್ದ ಹಾಕ್ಕೋ ಅಂತ ಅಂಗಡಿಯವನು ಹೇಳಿದ್ರೂ ಸಿಟ್ಟು ಬರತ್ತೆ. ನಿನ್ನಂಥವನು ಹೇಳಿದ್ರೂ ಬರತ್ತೆ.'

'ಇಷ್ಟೆಲ್ಲ ಗೊತ್ತಿದ್ದೂ ನೀನ್ಯಾಕೆ ಒಂದು ಹೊಲ್ಕೊಂಡಿಲ್ಲ?' ಅಂದೆ.

ಬಾಗಿಲ ಹಿಂದಿನ ಮೊಳೆ ತೋರಿಸಿದಳು. ಅಮ್ಮನ ಹಳೇ ಸೀರೆಯ ಕೆಳಗೆ ಒಂದು ನೀಲಿ ಫ್ರಾಕು. ಪೂರ್ತಿ ಸುತ್ತಿನದು, ಅಂಚು ಮಡಿಸಿರಲಿಲ್ಲ. ಇಂಥದ್ದನ್ನು ಒಂದು ರಾತ್ರಿ ತೂಗುಹಾಕಬೇಕಂತೆ. ಓರೆಯಾಗಿ ಬಂದ ಕಡೆ ಬಟ್ಟೆ ತನ್ನ ಭಾರಕ್ಕೆ ಜಗ್ಗತ್ತೆ, ಮಾರನೇ ದಿನ ಅಳೆದು ಕತ್ತರಿಸಬೇಕು. ಅವಳು ತೂಗುಹಾಕಿದ ದಿನವೇ ನನ್ನ ಚುರುಕು ಸಾಲು ಅಚ್ಚಾಗಿ ಮನೆಗೆ ಬಂದಿತ್ತು. ಒಂದು ರಾತ್ರಿ ತೂಗಬೇಕಾದದ್ದು ಎಂಟು ತಿಂಗಳು ತೂಗಿತು.

ಏನು ಹೇಳೋದು ತೋಚಲಿಲ್ಲ. ಬಳಪ ಎಲ್ಲಿದೆ ಅಂದೆ. ಅವಳು ಅದನ್ನ ತೊಟ್ಟು ನಡುಮನೆಯಲ್ಲಿ ನಿಂತಳು. ನಾನು ಮಂಡಿಯೂರಿ, ನೆಲಕ್ಕೆ ಸ್ಕೇಲ್ ಊರಿ, ಸುತ್ತಲೂ ತೆವಳುತ್ತ ಗುರುತು ಹಾಕತೊಡಗಿದೆ.

'ಅಲ್ಲಾಡಬೇಡ,' ಅಂದೆ.

'ನಾನು ಅಲ್ಲಾಡ್ತಿಲ್ಲ. ನಿನ್ನ ಕೈ ನೆಟ್ಟಗಿಟ್ಕೋ,' ಅಂದಳು.