ನಳದುರ್ಗದ ದಾರಿ

ನಮ್ಮ ಯೆಣೆಗೂರದಿಂದ ಸೊಲ್ಲಾಪುರದ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಸುಮಾರು 20 ಕಿಲೋಮೀಟರು ಹೋದರೆ ನಳದುರ್ಗ. ಅಲ್ಲಿಂದಾಚೆ ಸೊಲ್ಲಾಪುರಕ್ಕೆ ಇನ್ನೂ 45ರಷ್ಟು. ಕಾಸರಗೋಡಿನವರಿಗೆ ಬೇಕಲ ಕೋಟೆ ಹೇಗೋ, ನಮಗೆ ಇದು ಹಾಗೆ.

ಕಳೆದ ಶ್ರಾವಣದಲ್ಲಿ ಅವ್ವನನ್ನೂ ಮಗನನ್ನೂ ಕರೆದುಕೊಂಡು ಹೋಗಿದ್ದೆ. ಬೋರಿ ಹೊಳೆಗೆ ಅಡ್ಡಲಾಗಿ ಕಟ್ಟಿದ ಒಡ್ಡಿನ ಹೊಟ್ಟೆಯಲ್ಲೇ ಒಂದು ನೀರಮಹಲು. ಇಮ್ಮಡಿ ಇಬ್ರಾಹಿಂ ಆದಿಲಶಾಹನ ಕಾಲದ್ದು, 1613ರ ಕೆಲಸ. ಹೊಳೆ ತುಂಬಿದಾಗ ನೀರು ಒಡ್ಡಿನ ಮೇಲಿಂದ ಎರಡು ಧಾರೆಯಾಗಿ ಧುಮುಕುತ್ತದೆ. ಒಳಗಿನ ಕೋಣೆಗೆ ಮಾತ್ರ ಇಳಿಯುವುದಿಲ್ಲ. ಒಂದು ಧಾರೆಗೆ ‘ನರ’, ಇನ್ನೊಂದಕ್ಕೆ ‘ಮಾದಿ’ ಎಂದು ಹೆಸರು.

ಕೋಟೆಯನ್ನು ಮೊದಲು ಕಟ್ಟಿಸಿದವನು ನಳರಾಜ ಎಂಬುದು ಸ್ಥಳದ ಕತೆ. ಇತಿಹಾಸ ಒಪ್ಪಲಿ ಬಿಡಲಿ, ಅವ್ವ ಒಪ್ಪಿದ್ದಾಳೆ. 1956ರಲ್ಲಿ ಹೈದರಾಬಾದ್ ರಾಜ್ಯ ಹಂಚಿಹೋದಾಗ ನಮ್ಮ ಊರು ಮುಂಬಯಿ ರಾಜ್ಯಕ್ಕೆ, 1960ರಲ್ಲಿ ಮಹಾರಾಷ್ಟ್ರಕ್ಕೆ ಸೇರಿತು. ಅವ್ವನ ಕತೆ ಕನ್ನಡದಲ್ಲೇ ಉಳಿಯಿತು. ಮಗ ಮರಾಠಿ ಶಾಲೆಯವನು. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುತ್ತಾನೆ. ನನಗೆ ಅದೇ ಚಿಂತೆ.

ಬುರುಜಿನ ನೆರಳಲ್ಲಿ ಕುಳಿತು ಅವ್ವ ಸ್ವಯಂವರದ ಕತೆ ತೆಗೆದಳು. ನಾಲ್ವರು ದೇವತೆಗಳು ನಳನ ರೂಪ ತೊಟ್ಟು ಅವನ ಸಾಲಿನಲ್ಲೇ ಕೂತಿದ್ದಾರೆ; ದಮಯಂತಿ ಮಾಲೆ ಹಿಡಿದು ನಿಂತಿದ್ದಾಳೆ. ಅಷ್ಟಕ್ಕೆ ಅವ್ವ ಎಲೆ ಅಡಿಕೆ ತೆಗೆಯಲು ಕತೆ ನಿಲ್ಲಿಸಿದಳು.

“ಆಯಿ, ಆಕಿ ಹ್ಯಾಂಗ ಗುರ್ತ ಹಿಡದ್ಳು?”

ಕೇಳಿದವನು ಮಗ.

“ನಳನ ನೆರಳು ನೆಲದ ಮ್ಯಾಲ ಬಿದ್ದಿತ್ತಪ್ಪ. ದೇವರಿಗಿ ನೆರಳಿಲ್ಲ” ಎಂದಳು ಅವ್ವ.

ಉಳಿದ ಕತೆ ಬಸ್ಸಿನಲ್ಲಿ ಯೆಣೆಗೂರ ಬರುವತನಕ ನಡೆಯಿತು. ನಾನು ನಡುವೆ ಬಾಯಿ ಹಾಕಲಿಲ್ಲ.